ಪುಟ ಎಂಬತ್ತಮೂರರ ಅಚ್ಚಿನ ತಪ್ಪು

ಇವತ್ತು ಹೇಳಿಯೇಬಿಡುವುದು ಎಂದು ಟೈಪ್ ಮೇಡಂ ತೀರ್ಮಾನ ಮಾಡಿದ್ದು ಹಲ್ಲುಜ್ಜುವಾಗ. ಬಾಯಿ ಮುಕ್ಕಳಿಸುವಷ್ಟರಲ್ಲಿ ತೀರ್ಮಾನದ ಅರ್ಧ ನೀರಿನ ಜೊತೆ ಹೋಗಿತ್ತು. ಹತ್ತೊಂಬತ್ತು ದಿನದಿಂದ ಇದೇ ಪಾಡು. ಬೆಳಗ್ಗೆ ಹುಲಿ, ಮಧ್ಯಾಹ್ನ ಬೆಕ್ಕು, ದೀಪ ಹಾಕುವ ಹೊತ್ತಿಗೆ ಇಲಿ. ಆದರೆ ಇನ್ನು ನಾಳೆಗೆ ತಳ್ಳೋಣವೆಂದರೆ ನಾಳೆಯೇ ಉಳಿದಿರಲಿಲ್ಲ. ಹತ್ತು ಗಂಟೆಗೆ ಹತ್ತನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪರೀಕ್ಷೆ. ನಲವತ್ತೊಂದು ಮಕ್ಕಳು. ಅಷ್ಟೂ ಮಕ್ಕಳ ಪಠ್ಯಪುಸ್ತಕದಲ್ಲಿ, ಪುಟ ಎಂಬತ್ತಮೂರು, ಮೇಲಿನಿಂದ ಏಳನೇ ಸಾಲು, ಅಲ್ಲಿದ್ದ ಸೊನ್ನೆಯನ್ನು ನೀಲಿ ಶಾಯಿಯಲ್ಲಿ ಹೊಡೆದು ಅದರ ತಲೆಯ ಮೇಲೆ ಒಂದು ಎಂದು ಬರೆಯಲಾಗಿದೆ. ಕಂಪ್ಯೂಟರಿನೊಳಗೆ ಒಂದು ಪಟ್ಟಿ ಮಾಡಿದರೆ ಅದರ ಮೊದಲ ಮನೆಯ ನಂಬರು ಎಷ್ಟು ಎಂಬುದಷ್ಟೇ ವಿಷಯ. ಸೊನ್ನೆ ಎಂದಿತ್ತು ಪುಸ್ತಕ. ಅದು ಅಚ್ಚಿನ ತಪ್ಪು ಮಕ್ಕಳೇ, ತಿದ್ದಿಕೊಳ್ಳಿ ಎಂದಿದ್ದಳು ಇವಳು. ತಿದ್ದಿಸಿದ್ದಳು ಕೂಡ, ಬೆಂಚಿನಿಂದ ಬೆಂಚಿಗೆ ಹೋಗಿ, ಒಂದೊಂದು ಪುಸ್ತಕವನ್ನೂ ಇಣುಕಿ ನೋಡಿ. ಪುಸ್ತಕವೇ ಸರಿಯಾಗಿತ್ತು.

ಅಡುಗೆಮನೆಯ ಮೇಜಿನ ಮೇಲೆ ಅವಳ ಹತ್ತು ಬೆರಳೂ ತಮ್ಮ ಪಾಡಿಗೆ ತಾವು ಟೈಪ್ ಮಾಡುತ್ತಿದ್ದವು. ಇದು ಹಳೆಯ ಚಾಳಿ. ಮನಸ್ಸಿನಲ್ಲಿ ಏನು ಓಡುತ್ತದೋ ಅದನ್ನು ಬೆರಳು ಹೊಡೆಯುತ್ತದೆ. ಅಕ್ಕ ಎದುರಿಗೆ ಕೂತು ಟೀ ಆರಿಸುತ್ತಾ ಆ ಬೆರಳುಗಳನ್ನೇ ನೋಡುತ್ತಿದ್ದಳು. ಅಕ್ಕ ಮೂವತ್ತು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ಯಾರ ಮೈಯಲ್ಲಿ ಎಲ್ಲಿ ನೋವಿದೆ ಎಂದು ಅವಳಿಗೆ ಹೇಳಬೇಕಾಗಿಲ್ಲ.

"ನಿನ್ನ ಜೊತೆಯವಳು ಹೇಳಿದಳಾ?" ಎಂದಳು.

"ಯಾರು?"

"ಅದೇ, ಮಕ್ಕಳಿಗೆ ತಪ್ಪು ಪಾಠ ಮಾಡಿಬಿಟ್ಟು ಬಾಯಿಗೆ ಬೀಗ ಹಾಕ್ಕೊಂಡಿದಾಳೆ ಅಂದ್ಯಲ್ಲ. ಅವಳು."

"ಇಲ್ಲ ಅಕ್ಕ. ಇವತ್ತು ಹೇಳ್ತಾಳಂತೆ."

"ಇವತ್ತಾ! ಇವತ್ತೇ ಅಲ್ವೇನೇ ಪರೀಕ್ಷೆ? ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ." ಅಕ್ಕ ಟೀ ಹೀರಿದಳು. "ನಾನು ಒಂದು ಸಲ ಹದಿನಾಲ್ಕನೇ ಮಂಚದವನ ಮಾತ್ರೇನ ಹದಿಮೂರನೇ ಮಂಚದವನಿಗೆ ಕೊಟ್ಟುಬಿಟ್ಟೆ. ಐದು ನಿಮಿಷದಲ್ಲಿ ಡಾಕ್ಟರ ಮುಂದೆ ಹೋಗಿ ನಿಂತೆ. ಎಲ್ಲರ ಎದುರಿಗೆ ನಾಯಿಗೆ ಬೈದ ಹಾಗೆ ಬೈದರು. ಬೈಸಿಕೊಂಡೆ. ಬೈಗುಳ ಮೈಗೆ ಅಂಟುತ್ತಾ? ಆ ಮನುಷ್ಯ ಎದ್ದು ನಡಕೊಂಡು ಮನೆಗೆ ಹೋದ. ಹೇಳು ನಿನ್ನ ಜೊತೆಯವಳಿಗೆ."

"ಹೇಳ್ತೀನಿ."

"ಅವಳಿಗೆ ಹೇಳು, ಗೇಟಿನ ಹತ್ರಾನೇ ನಿಂತು ಹೇಳಿಬಿಡಲಿ. ಒಂದು ವಾಕ್ಯದ ಕೆಲಸ." ಅಕ್ಕ ತಂಗಿಯ ಮುಖವನ್ನು ನೋಡಲಿಲ್ಲ. ಲೋಟ ತೊಳೆಯಲು ಎದ್ದುಹೋದಳು. ಅಕ್ಕನಿಗೆ ಎಲ್ಲ ಗೊತ್ತಿದೆ ಎಂದು ತಂಗಿಗೂ ಗೊತ್ತಿತ್ತು. ಆದರೂ ಇಲ್ಲದ ಆ ಹೆಂಗಸನ್ನು ಇಬ್ಬರೂ ಕಾಪಾಡಿಕೊಂಡು ಬಂದಿದ್ದರು.

ಒಂದು ವಾಕ್ಯ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಆ ವಾಕ್ಯವನ್ನು ತೊಡೆಯ ಮೇಲಿನ ಚೀಲದ ಮೇಲೆ ಹೊಡೆದು ನೋಡಿದಳು. ಮಕ್ಕಳೇ, ನಾನು ಹೇಳಿಕೊಟ್ಟಿದ್ದು ತಪ್ಪು. ನಾಲ್ಕು ಪದ. ಇಪ್ಪತ್ತಾರು ವರ್ಷ ಟೈಪಿಂಗ್ ಕಲಿಸಿದವಳ ಬೆರಳಿಗೆ ಎರಡು ಸೆಕೆಂಡಿನ ಕೆಲಸ. ಆ ಇಪ್ಪತ್ತಾರು ವರ್ಷವೂ ಅವಳ ಕೋಣೆಯ ಗೋಡೆಗೆ ಒಂದೇ ಒಂದು ರಟ್ಟು ತೂಗುತ್ತಿತ್ತು: ಕಾಗದ ಕ್ಷಮಿಸುವುದಿಲ್ಲ. ಒಂದು ಅಕ್ಷರ ತಪ್ಪಿದರೂ ಹಾಳೆ ವಾಪಸ್ಸು. ಅಳಿಸಿ ತಿದ್ದಿದರೆ ಬೆಳಕಿಗೆ ಹಿಡಿದು ಕಂಡುಹಿಡಿಯುತ್ತಿದ್ದಳು, ಕಂಡುಹಿಡಿದು ನಗುತ್ತಿದ್ದಳು. ಹುಡುಗಿಯರು ಅತ್ತು ಮತ್ತೆ ಮೊದಲಿನಿಂದ ಹೊಡೆಯುತ್ತಿದ್ದರು. ಆಮೇಲೆ ಒಂದು ದಿನ ಇಬ್ಬರು ಹಮಾಲರು ಬಂದು ಹನ್ನೆರಡು ಟೈಪ್‌ರೈಟರುಗಳನ್ನು ಹಳೇ ಕಬ್ಬಿಣದ ಲಾರಿಗೆ ಎತ್ತಿ ಹಾಕಿದರು. ಅವಳು ಬಾಗಿಲ ಬಳಿ ನಿಂತು, ನಿಧಾನ, ನಿಧಾನ ಎನ್ನುತ್ತಿದ್ದಳು. ಯಾಕಮ್ಮಾ ನಿಧಾನ, ಒಡೆಯೋಕೇ ಅಲ್ವಾ ತಗೊಂಡು ಹೋಗ್ತಿರೋದು ಎಂದ ಒಬ್ಬ. ಅದೇ ವಾರ ದೊಡ್ಡ ಮೇಡಂ, ಎಂದರೆ ಶಾಲೆಯ ಮುಖ್ಯಸ್ಥೆ, ಇವಳನ್ನು ಕರೆದು ಹೊಸ ವಿಷಯ ಬಂದಿದೆ, ಕಂಪ್ಯೂಟರ್ ಸೈನ್ಸ್, ನೀವು ತಗೊಳ್ಳಿ ಎಂದಳು. ನನಗೆ ಅದು ಬರೋದಿಲ್ಲವಲ್ಲ ಎಂದದ್ದಕ್ಕೆ, "ಎರಡಕ್ಕೂ ಕೀಲಿಮಣೆ ಇದೆಯಲ್ಲ ಮೇಡಂ" ಎಂದಳು. ಒಲ್ಲೆ ಎಂದರೆ ಮನೆಗೆ ಹೋಗಬೇಕಿತ್ತು. ತಗೊಂಡಳು.

ಹನ್ನೊಂದು ದಿನದ ತರಬೇತಿ. ಒಂದು ಉದ್ದನೆಯ ಹಾಲ್, ಮುಂದೆ ಒಂದೇ ಒಂದು ಕಂಪ್ಯೂಟರು, ಅದರ ಮುಂದೆ ಅರಳು ಹುರಿದ ಹಾಗೆ ಮಾತಾಡುವ ಒಬ್ಬ ತರುಣ. ಇವಳಿಗೆ ಸಿಕ್ಕಿದ್ದು ಕಂಬದ ಹಿಂದಿನ ಕುರ್ಚಿ. ಅರ್ಧ ಕೇಳಿಸಿತು, ಅರ್ಧ ಕಾಣಿಸಿತು. ಆದರೂ ನೋಟ್ಸು ಮಾತ್ರ ಮುತ್ತಿನಂತೆ ಬರೆದಳು. ಅದರಲ್ಲಿ ಒಂಬತ್ತನೇ ದಿನದ ಪುಟದಲ್ಲಿ, ಕೆಂಪು ಗೆರೆ ಎಳೆದು, ಮೊದಲ ಮನೆಯ ನಂಬರು ಒಂದು ಎಂದಿದೆ. ಆ ತರುಣ ಹಾಗೆ ಹೇಳಿದನೋ, ಕಂಬ ಹೇಳಿತೋ, ತನ್ನ ಬುದ್ಧಿಯೇ ಹೇಳಿತೋ, ಈಗ ಯಾರನ್ನು ಕೇಳುವುದು? ಎಣಿಕೆ ಒಂದರಿಂದ ಶುರುವಾಗದೆ ಇನ್ನೆಲ್ಲಿಂದ ಶುರುವಾಗುತ್ತದೆ? ಇಲ್ಲದ್ದರಿಂದ ಎಣಿಸಲು ಯಾವ ಬುದ್ಧಿವಂತ ಹೊರಡುತ್ತಾನೆ? ಒಂದು ಸಲ ಯಂತ್ರಕ್ಕೆ ಕೊಟ್ಟು ನೋಡಿದ್ದರೆ ಗೊತ್ತಾಗುತ್ತಿತ್ತು. ಶಾಲೆಯಲ್ಲಿ ಎಂಟು ಕಂಪ್ಯೂಟರುಗಳಿದ್ದವು, ಪ್ಲಾಸ್ಟಿಕ್ ಮುಸುಕು ಹಾಕಿಕೊಂಡು. ಮಕ್ಕಳು ಮುಟ್ಟಿದರೆ ಕೆಡುತ್ತವೆ ಎಂದು ಕೋಣೆಯ ಬೀಗದ ಕೈ ದೊಡ್ಡ ಮೇಡಂ ಸೊಂಟದಲ್ಲಿ. ಹಾಗಾಗಿ ಪ್ರೋಗ್ರಾಮುಗಳನ್ನೆಲ್ಲ ಮಕ್ಕಳು ಗೆರೆ ಹಾಳೆಯ ನೋಟ್‌ಬುಕ್ಕಿನಲ್ಲಿ ಬರೆದರು, ಉತ್ತರವನ್ನೂ ತಾವೇ ಬರೆದರು. ದಡದ ಮೇಲೆ ಕೂತು ಈಜು ಕಲಿತ ಹಾಗೆ. ಇವಳಿಗೂ ಅದೇ ಅನುಕೂಲವಾಗಿತ್ತು ಎನ್ನುವುದು ನಿಜ. ಮುಸುಕು ತೆಗೆದರೆ ಯಂತ್ರ ಏನು ಕೇಳುತ್ತದೋ ಎಂಬ ಭಯ ಮಕ್ಕಳಿಗಿಂತ ಇವಳಿಗೇ ಹೆಚ್ಚು.

ಆದರೆ ಕೇಳಿದವಳೊಬ್ಬಳು ಇದ್ದಳು. ಮೂರನೇ ಬೆಂಚು, ಗೋಡೆ ಬದಿ. ಬಟ್ಟೆ ಹೊಲಿಯುವವಳ ಮಗಳು, ತೋಳು ಸ್ವಲ್ಪ ಉದ್ದವಾದ ಸಮವಸ್ತ್ರ, ಬೆಳೆಯಲಿ ಎಂದು ಅಮ್ಮ ಬಿಟ್ಟ ಅಳತೆ. ಪುಸ್ತಕ ತಿದ್ದಿಸಿದ ಎರಡನೇ ದಿನ ಅವಳು ಒಂದು ಹಾಳೆ ಹಿಡಿದು ಎದ್ದುನಿಂತಳು.

"ಮೇಡಂ, ಅದು ಅಚ್ಚಿನ ತಪ್ಪಲ್ಲ ಅನ್ಸುತ್ತೆ. ನಮ್ಮಣ್ಣ ಕೆಲಸ ಮಾಡೋ ಜೆರಾಕ್ಸ್ ಅಂಗಡೀಲಿ ಹಾಕಿ ನೋಡಿದೆ. ಪ್ರಿಂಟ್ ತಂದಿದೀನಿ. ಒಂದು ಅಂತ ಕೊಟ್ಟರೆ ಪಟ್ಟೀಲಿರೋ ಎರಡನೇ ಹೆಸರು ಬರುತ್ತೆ ಮೇಡಂ."

ಹಾಳೆಯನ್ನು ಅವಳು ಎರಡೂ ಕೈಯಲ್ಲಿ ಚಾಚಿದ್ದಳು. ತಗೊಂಡು ನೋಡಬಹುದಿತ್ತು. ನೋಡುವ ಮೊದಲೇ ಟೈಪ್ ಮೇಡಂಗೆ ಕಿವಿಯ ಹಿಂದೆ ಬಿಸಿಯಾಯಿತು. ಹಿಂದಿನ ಬೆಂಚಿನ ಹುಡುಗರು ನೆಟ್ಟಗೆ ಕೂತರು, ಜಗಳದ ವಾಸನೆ ಹಿಡಿದು.

"ಜೆರಾಕ್ಸ್ ಅಂಗಡಿಯವರು ಪಾಠ ಮಾಡೋ ಹಾಗಿದ್ರೆ ನಾನ್ಯಾಕಮ್ಮ ಇಲ್ಲಿ? ನಡಿ, ಎಲ್ಲರೂ ಅಲ್ಲಿಗೇ ಹೋಗೋಣ" ಎಂದಳು. ಮಕ್ಕಳು ನಕ್ಕರು. ಆ ನಗು ಅವಳಿಗೆ ಹಿಡಿಸಿತು. ಹೊಸ ವಿಷಯ ಹಿಡಿದ ಮೇಲೆ ತರಗತಿ ಅವಳ ಮಾತಿಗೆ ನಕ್ಕದ್ದು ಅದೇ ಮೊದಲು. "ಅಲ್ಲ, ಊಟಕ್ಕೆ ಕೂತಾಗ ನೀನು ಹೇಗೆ ಎಣಿಸ್ತೀಯ? ಸೊನ್ನೇ ತುತ್ತು, ಒಂದನೇ ತುತ್ತು ಅಂತಲಾ? ನಿಮ್ಮಮ್ಮನಿಗೆ ನೀನು ಸೊನ್ನೇ ಮಗಳಾ?"

ತರಗತಿ ಬಿದ್ದು ಬಿದ್ದು ನಕ್ಕಿತು. ಹುಡುಗಿ ಹಾಳೆಯನ್ನು ಮಡಿಸಿದಳು, ಮತ್ತೆ ಮಡಿಸಿದಳು, ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಸಣ್ಣದಾಗುವವರೆಗೆ.

"ಕೂತ್ಕೋ, ಸೊನ್ನೆ" ಎಂದಳು ಟೈಪ್ ಮೇಡಂ.

ಅವತ್ತಿನಿಂದ ಅದೇ ಅವಳ ಹೆಸರಾಯಿತು. ಆಟದ ಬಯಲಿನಲ್ಲಿ ಸೊನ್ನೆ, ನೀರಿನ ನಲ್ಲಿಯ ಹತ್ತಿರ ಸೊನ್ನೆ, ಕೊನೆಗೆ ಹಾಜರಿ ಪುಸ್ತಕ ನೋಡದೆ ಕರೆಯುವಾಗ ಇತರ ಮೇಷ್ಟರ ಬಾಯಲ್ಲೂ ಸೊನ್ನೆ. ತಾನು ಹೊಡೆದ ಅಕ್ಷರ ಇಷ್ಟು ಅಚ್ಚುಕಟ್ಟಾಗಿ ಕೂರುತ್ತದೆಂದು ಮೇಡಂ ಅಂದುಕೊಂಡಿರಲಿಲ್ಲ. ಆ ದಿನ ಪಿರಿಯಡ್ ಮುಗಿಯುವ ಮೊದಲು ಅವಳು ಮೂರನೇ ಬೆಂಚಿನ ಪಕ್ಕ ಹೋಗಿ ನಿಂತಿದ್ದಳು. ಹುಡುಗಿಯ ಪುಸ್ತಕದ ಪುಟ ಎಂಬತ್ತಮೂರು ಮಾತ್ರ, ಮೊದಲ ದಿನ ಹೇಗೋ ಮೇಡಂ ಕಣ್ಣು ತಪ್ಪಿಸಿ, ಇನ್ನೂ ತಿದ್ದದೆ ಉಳಿದಿತ್ತು. ಹುಡುಗಿ ಪೆನ್ನಿನ ಮುಚ್ಚಳ ತೆಗೆದು ಸೊನ್ನೆಯ ಮೇಲೆ ಒಂದು ಗೆರೆ ಎಳೆಯುವವರೆಗೂ ಮೇಡಂ ನಿಂತೇ ಇದ್ದಳು.

ಬಸ್ಸು ನಿಂತಿತು. ಯಾರೋ ಕಾಲು ತುಳಿದು, ತಿರುಗಿಯೂ ನೋಡದೆ ಇಳಿದುಹೋದರು. ಅವಳು ಕೂಡ ಇಳಿದಳು. ನಿಲ್ದಾಣದಿಂದ ಶಾಲೆಗೆ ನೂರಿನ್ನೂರು ಹೆಜ್ಜೆ, ಒಂದು ಔಷಧಿ ಅಂಗಡಿ, ಒಂದು ಸೈಕಲ್ ರಿಪೇರಿ, ಆಮೇಲೆ ಶಾಲೆಯ ಉದ್ದನೆಯ ಕಾಂಪೌಂಡು. ಗೋಡೆಯ ನೆರಳಿನಲ್ಲಿ ನಡೆಯುತ್ತಾ ಪ್ರಾಕ್ಟಿಕಲ್ ಪರೀಕ್ಷೆಗೆ ಬಂದಿದ್ದ ಆ ಪರೀಕ್ಷಕನ ಬಿಳಿ ಷರ್ಟು ನೆನಪಾಯಿತು. ಅವನ ವಯಸ್ಸು ಇಪ್ಪತ್ತೈದು ದಾಟಿರಲಾರದು. ಅವತ್ತು ಮುಸುಕು ತೆಗೆಯಲೇಬೇಕಾಗಿ ಬಂದಿತ್ತು. ಮಕ್ಕಳು ಹೊರಗೆ ಹೋದ ಮೇಲೆ ಅವನು ಒಂದು ಮಗುವಿನ ಪ್ರೋಗ್ರಾಮು ಓಡಿಸಿದ, ತಲೆ ಓರೆ ಮಾಡಿದ, ಇನ್ನೊಂದು ಓಡಿಸಿದ, ಇನ್ನೊಂದು. ನಲವತ್ತೊಂದೂ ಒಂದೇ ಕಡೆ ಎಡವಿದವು. ಅವನು ಜವಾನನಿಗೆ ಕೇಳಿಸದ ಹಾಗೆ ದನಿ ತಗ್ಗಿಸಿ, "ಮೇಡಂ, ಒಂದು ಸಣ್ಣ ವಿಷಯ. ಮಕ್ಕಳು ಎಲ್ಲರೂ ಒಂದರಿಂದ ಶುರು ಮಾಡಿದಾರೆ. ಸೊನ್ನೆಯಿಂದ ಅಲ್ವಾ? ಪರವಾಗಿಲ್ಲ, ಇಲ್ಲಿ ನಾನು ಮಾರ್ಕ್ಸ್ ಕಳೆಯೋಲ್ಲ. ಥಿಯರಿಗೆ ಇನ್ನೂ ಹತ್ತೊಂಬತ್ತು ದಿನ ಇದೆ, ಒಂದು ಮಾತು ಹೇಳಿಬಿಡಿ" ಎಂದ. ಅವನು ಕಪಾಳಕ್ಕೆ ಹೊಡೆದಿದ್ದರೂ ಆ ವಿನಯದಷ್ಟು ಉರಿಯುತ್ತಿರಲಿಲ್ಲ. ಅವಳೇನು ಅಂದಳು? "ಅಯ್ಯೋ, ಎಷ್ಟು ಸಲ ಹೇಳಿದೀನಿ, ಈ ಮಕ್ಕಳ ತಲೇಲಿ ನಿಲ್ಲಬೇಕಲ್ಲ" ಅಂದಳು. ಎಷ್ಟು ಸಲೀಸಾಗಿ ಬಂತು ಆ ಮಾತು! ಯೋಚಿಸಲಿಕ್ಕೆ ಅರೆಕ್ಷಣವೂ ಬೇಕಾಗಲಿಲ್ಲ. ಪರೀಕ್ಷಕ ನಂಬಿ ತಲೆಯಾಡಿಸಿದ. ಅವನು ಹೋದ ಮೇಲೆ ಅವಳು ಎಂಟು ಯಂತ್ರಗಳಿಗೂ ಮುಸುಕು ಹಾಕಿ, ಕೊನೆಯ ಕುರ್ಚಿಯಲ್ಲಿ ಕೂತು, ಟೈಪ್‌ರೈಟರಿನ ಮೇಲ್ಗಡೆ ಇರುತ್ತಿದ್ದ ಅಳತೆ ಪಟ್ಟಿಯನ್ನು ನೆನೆಸಿಕೊಂಡಳು. ಎಡದ ತುದಿಯಲ್ಲಿ ಅದು ಶುರುವಾಗುತ್ತಿದ್ದದ್ದು ಸೊನ್ನೆಯಿಂದ. ಕಾಗದ ಹೊತ್ತು ಸರಿಯುವ ಗಾಡಿಯನ್ನು ಮೊದಲು ಅಲ್ಲಿಗೇ ತರಬೇಕು. ಗಾಡಿ ಸೊನ್ನೆಗೆ ತನ್ನಿ, ಗಾಡಿ ಸೊನ್ನೆಗೆ ತನ್ನಿ ಎಂದು ಇಪ್ಪತ್ತಾರು ವರ್ಷ ಪ್ರತಿ ಪಾಠದ ಮೊದಲ ಮಾತಾಗಿ ಕೂಗಿದವಳು ತಾನು. ಆ ಹುಡುಗಿ ಎದ್ದುನಿಂತಾಗ ಅದು ಯಾಕೆ ನೆನಪಾಗಲಿಲ್ಲ? ನೆನಪಾಗಿದ್ದರೆ ಒಪ್ಪುತ್ತಿದ್ದಳೇ? ಇಲ್ಲ. ಇದಕ್ಕೆ ಉತ್ತರ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೇ ದಿನದಿಂದಲೇ ಮಕ್ಕಳಿಗೆ ಓದುವ ರಜೆ. ಫೋನಿನಲ್ಲಿ ತರಗತಿಯ ಗುಂಪಿತ್ತು. ಮಕ್ಕಳ ಗಮನಕ್ಕೆ ಎಂದು ಬರೆದಳು, ಅಳಿಸಿದಳು. ಪುಟ 83ಕ್ಕೆ ಸಂಬಂಧಿಸಿದಂತೆ ಎಂದು ಬರೆದಳು, ಅಳಿಸಿದಳು. ಆ ಗುಂಪಿನಲ್ಲಿ ಅಪ್ಪ ಅಮ್ಮಂದಿರೂ ಇದ್ದರು, ದೊಡ್ಡ ಮೇಡಂ ಕೂಡ ಇದ್ದಳು. ಟೈಪ್ ಮೇಡಂಗೆ ಸೊನ್ನೆ ಒಂದು ಗೊತ್ತಿಲ್ಲವಂತೆ ಎಂಬ ಮಾತು ಎಷ್ಟು ಬಾಯಿ ದಾಟುತ್ತದೆ ಎಂದು ಲೆಕ್ಕ ಹಾಕಿದಳು. ಹೊಸದಾಗಿ ಕಂಪ್ಯೂಟರ್ ಓದಿ ಬಂದವರು ಕೆಲಸಕ್ಕಾಗಿ ಗೇಟಿನ ಹೊರಗೆ ಸಾಲು ನಿಂತಿದ್ದಾರೆ. ಪಟ್ಟಿಯ ಪಾಠದಿಂದ ಪ್ರಶ್ನೆಯೇ ಬರದಿದ್ದರೆ? ಬಂದರೂ ಎರಡು ಮಾರ್ಕಿಗೆ ಬಂದರೆ? ಹೀಗೆ ಇಲ್ಲದ ಪ್ರಶ್ನೆಪತ್ರಿಕೆ ಒಂದನ್ನು ತಾನೇ ತಯಾರಿಸಿಕೊಂಡು ಹತ್ತೊಂಬತ್ತು ದಿನ ಅದರ ನೆರಳಿನಲ್ಲಿ ಬದುಕಿದ್ದಳು.

ಗೇಟಿನ ಬಳಿ ಮಕ್ಕಳು ಆಗಲೇ ಸೇರಿದ್ದರು. ಒಂಬತ್ತೂ ಮುಕ್ಕಾಲು. ಕೆಲವರು ನಡೆಯುತ್ತಲೇ ಓದುತ್ತಿದ್ದರು, ಕೆಲವರು ಓದಿದ್ದೆಲ್ಲ ಮರೆತುಹೋಯಿತು ಎಂದು ಖುಷಿಯಿಂದ ಹೆದರುತ್ತಿದ್ದರು. ಸೊನ್ನೆ ಸ್ವಲ್ಪ ದೂರದಲ್ಲಿ, ಗೋಡೆಗೆ ಒರಗಿ, ಪುಸ್ತಕ ಮುಚ್ಚಿಕೊಂಡು ನಿಂತಿದ್ದಳು. ತಾಂತ್ರಿಕ ಶಾಲೆಯ ಅರ್ಜಿ ಸಿಗಬೇಕಾದರೆ ಈ ವಿಷಯದಲ್ಲಿ ನೂರಕ್ಕೆ ಎಂಬತ್ತೈದು ಬರಬೇಕು ಎಂಬುದು ಹೋದ ತಿಂಗಳು ಅವಳ ಅಮ್ಮ ಬಂದು ಹೇಳಿದ್ದು. "ನಿಮ್ಮ ಕೈಲಿದೆ ಮೇಡಂ" ಎಂದಿದ್ದಳು ಆ ಹೆಂಗಸು, ದಾರದ ತುಣುಕುಗಳು ಇನ್ನೂ ಅಂಟಿದ್ದ ತೋಳಿನಲ್ಲಿ ಹಣೆ ಒರೆಸಿಕೊಳ್ಳುತ್ತಾ. "ಇವಳಿಗೆ ಅದೊಂದೇ ಹುಚ್ಚು."

ಈಗ. ಟೈಪ್ ಮೇಡಂ ಚೀಲವನ್ನು ಎದೆಗವಚಿಕೊಂಡು ಮಕ್ಕಳ ನಡುವೆ ನಿಂತಳು. "ಮಕ್ಕಳೇ, ಒಂದು ನಿಮಿಷ. ಎಲ್ಲರೂ ಕೇಳಿ. ಆ ಪುಟ ಎಂಬತ್ತಮೂರರಲ್ಲಿ ನಾವು ತಿದ್ದಿದ್ವಲ್ಲ…"

"ಗೊತ್ತು ಮೇಡಂ!" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬ ಕೂಗಿದ. "ಸೊನ್ನೆ ಅಲ್ಲ, ಒಂದು!"

"ಸೊನ್ನೆ ಅಲ್ಲ, ಒಂದು! ಸೊನ್ನೆ ಅಲ್ಲ, ಒಂದು!" ಉಳಿದವರು ದನಿಗೂಡಿಸಿದರು. ಚಪ್ಪಾಳೆ ಬೇರೆ. ಪರೀಕ್ಷೆಯ ಭಯಕ್ಕೆ ಒಂದು ಬಿಡುಗಡೆ ಬೇಕಿತ್ತು, ಸಿಕ್ಕಿತು. ನಲವತ್ತು ಮುಖ ಒಮ್ಮೆಲೇ ಗೋಡೆಯ ಕಡೆ ತಿರುಗಿ ಆ ಒಬ್ಬಳನ್ನು ನೋಡಿ ನಕ್ಕವು. ಹುಡುಗಿಯೂ ಬಾಯಿ ಅಗಲಿಸಿದಳು, ನಗುವವರ ಜೊತೆ ನಕ್ಕರೆ ಬೇಗ ಮುಗಿಯುತ್ತದೆ ಎಂದು ಕಲಿತವರ ಹಾಗೆ. ಅಲ್ಲ, ಕೇಳಿ, ಅದು ಹಾಗಲ್ಲ ಎಂಬ ಮಾತು ಟೈಪ್ ಮೇಡಂ ಗಂಟಲಿನವರೆಗೆ ಬಂದಿತ್ತು. ಅಷ್ಟರಲ್ಲಿ ಇಷ್ಟೊಂದು ಮಕ್ಕಳು ತನ್ನನ್ನು ನೋಡಿ ಪ್ರೀತಿಯಿಂದ ನಗುತ್ತಿದ್ದಾರೆ ಎಂಬುದು ಕಣ್ಣಿಗೆ ಬಿತ್ತು. ಅವಳೂ ನಕ್ಕಳು. ತುಟಿ ತಾನಾಗಿ ನಕ್ಕಿತು ಎನ್ನಬಹುದು, ಆದರೆ ತುಟಿ ಅವಳದೇ ತಾನೇ. ಗಂಟೆ ಹೊಡೆಯಿತು. ಮಕ್ಕಳು ಅವಳನ್ನು ಎರಡೂ ಬದಿಯಿಂದ ಸವರಿಕೊಂಡು ಒಳಗೆ ಓಡಿದರು. ಒಬ್ಬಳು ಬಗ್ಗಿ ಅವಳ ಪಾದ ಮುಟ್ಟಿಯೂ ಹೋದಳು.

ಸ್ಟಾಫ್ ರೂಮಿನಲ್ಲಿ ಯಾರೂ ಇರಲಿಲ್ಲ. ಗಡಿಯಾರ, ಕಪಾಟು, ಯಾರದೋ ಮರೆತ ಛತ್ರಿ. ಆ ವಿಷಯದ ಮೇಷ್ಟ್ರು ಪರೀಕ್ಷೆಯ ಕೋಣೆಯ ಹತ್ತಿರ ಸುಳಿಯಬಾರದೆಂದು ನಿಯಮ. ಅರ್ಧ ಗಂಟೆಯಾದ ಮೇಲೆ ಜವಾನ ಒಂದು ಹೆಚ್ಚುವರಿ ಪ್ರಶ್ನೆಪತ್ರಿಕೆ ತಂದು ಮೇಜಿನ ಮೇಲಿಟ್ಟ. ಅವಳು ಅದನ್ನು ತಕ್ಷಣ ಮುಟ್ಟಲಿಲ್ಲ. ಮುಟ್ಟಿದ ಮೇಲೆ, ಹಳೇ ಅಭ್ಯಾಸದಂತೆ, ಮೊದಲು ಅಕ್ಷರದ ತಪ್ಪುಗಳಿವೆಯೇ ಎಂದು ಹುಡುಕಿದಳು. ಇರಲಿಲ್ಲ. ಏಳನೇ ಪ್ರಶ್ನೆ, ಪಟ್ಟಿ, ನಾಲ್ಕು ಮಾರ್ಕು. ಹದಿನೈದನೇ ಪ್ರಶ್ನೆ, ಪಟ್ಟಿ, ನಾಲ್ಕು ಮಾರ್ಕು. ಕೊನೆಯ ಪ್ರಶ್ನೆ, ಕೆಳಗಿನ ಪಟ್ಟಿಯನ್ನು ಬಳಸಿ ಪ್ರೋಗ್ರಾಮು ಬರೆಯಿರಿ, ಎಂಟು. ನೂರರಲ್ಲಿ ಹದಿನಾರು ಹೋದರೆ ಎಂಬತ್ತನಾಲ್ಕು. ಉಳಿದದ್ದನ್ನೆಲ್ಲ ಬಂಗಾರದ ಹಾಗೆ ಬರೆದರೂ ಎಂಬತ್ತನಾಲ್ಕೇ. ಅವಳು ಮತ್ತೆ ಕೂಡಿದಳು, ಬೆರಳು ಮಡಿಸಿ, ಮಗುವಿನ ಹಾಗೆ. ದೊಡ್ಡ ಮೇಡಂ ಬಾಗಿಲಲ್ಲಿ ಇಣುಕಿ, "ಪೇಪರ್ ಹೇಗಿದೆ?" ಎಂದಳು.

"ಸುಲಭ ಇದೆ" ಎಂದಳು ಟೈಪ್ ಮೇಡಂ.

"ಒಳ್ಳೇದಾಯ್ತು ಬಿಡಿ. ನಿಮ್ಮ ಮಕ್ಕಳು ಬರೀತಾರೆ."

ನಿಮ್ಮ ಮಕ್ಕಳು. ದೊಡ್ಡ ಮೇಡಂನ ಚಪ್ಪಲಿ ಸದ್ದು ದೂರವಾಗುವವರೆಗೆ ಕಾದು ಅವಳು ಎದ್ದಳು. ಹೋಗಿ ಏನು ಮಾಡುವುದೆಂದು ಗೊತ್ತಿರಲಿಲ್ಲ. ಕಾಲುಗಳು ಮೆಟ್ಟಿಲು ಹತ್ತಿದವು. ಮೇಲಿನ ವರಾಂಡ ಉದ್ದಕ್ಕೆ ಖಾಲಿ. ನಲವತ್ತೊಂದು ಪೆನ್ನು ಒಟ್ಟಿಗೆ ಬರೆಯುವ ಸದ್ದು ಹೊರಗೆ ಕೇಳುತ್ತಿತ್ತು, ಹುಳ ಎಲೆ ತಿನ್ನುವಂಥ ಸದ್ದು. ಎಲ್ಲರೂ ತಾನು ಹೇಳಿಕೊಟ್ಟದ್ದನ್ನೇ ಬರೆಯುತ್ತಿದ್ದಾರೆ. ತನ್ನನ್ನು ಇಷ್ಟು ಜನ ಇಷ್ಟು ನಂಬಿದ್ದು ಹುಟ್ಟಿದ ಮೇಲೆ ಇದೇ ಮೊದಲು ಎಂದು ತೋರಿತು. ಕೋಣೆಯ ಕಾವಲಿಗಿದ್ದ ಡ್ರಾಯಿಂಗ್ ಮಾಸ್ತರು ಬಾಗಿಲ ಬಳಿ ಕುರ್ಚಿಯಲ್ಲಿ ತೂಕಡಿಸುತ್ತಿದ್ದರು. ಅವಳು ಎರಡನೇ ಕಿಟಕಿಯ ಹತ್ತಿರ ನಿಂತಳು. ಸೊನ್ನೆ ಎದುರು ಗೋಡೆಯ ಬದಿಗೆ ಕೂತಿದ್ದಳು, ತಲೆ ತಗ್ಗಿಸಿ. ಬರೆಯುತ್ತಿರಲಿಲ್ಲ, ಪೆನ್ನು ಗಾಳಿಯಲ್ಲಿ ನಿಂತಿತ್ತು. ಆಮೇಲೆ ಪೆನ್ನು ಕೆಳಗಿಳಿದು ಏನೋ ಗೀಚಿತು. ಪುಟ ಹಿಂದೆ ತಿರುಗಿಸಿ ಅಲ್ಲೂ ಏನೋ ಗೀಚಿತು. ಆಮೇಲೆ ಹುಡುಗಿ ತಲೆ ಎತ್ತಿದಳು, ನೇರ ಕಿಟಕಿಗೆ.

ಹೇಳಲಾರದ್ದನ್ನು ಕೈಯಾದರೂ ಹೇಳಲಿ. ಟೈಪ್ ಮೇಡಂ ಬಲಗೈ ಎತ್ತಿ, ಹೆಬ್ಬೆರಳಿಗೆ ತೋರುಬೆರಳು ತಾಗಿಸಿ, ಸೊನ್ನೆ ಮಾಡಿ ತೋರಿಸಿದಳು. ಇನ್ನೊಮ್ಮೆ ತೋರಿಸಿದಳು. ಸೊನ್ನೆ. ಸೊನ್ನೆಯೇ ಸರಿ, ಮಗು. ಹುಡುಗಿ ಆ ಕೈಯನ್ನು ನೋಡಿದಳು, ಮುಖ ನೋಡಿದಳು. ಎಷ್ಟೋ ತಿಂಗಳುಗಳ ಮೇಲೆ ಮೊದಲ ಸಲ ಅವಳ ಮುಖ ಅರಳಿತು. ತಲೆಯಾಡಿಸಿ ಮತ್ತೆ ಬಗ್ಗಿ ಬರೆಯತೊಡಗಿದಳು. ತಿಳಿಯಿತು, ಇವಳಿಗಾದರೂ ತಿಳಿಯಿತು. ಡ್ರಾಯಿಂಗ್ ಮಾಸ್ತರು ಕಣ್ಣು ಬಿಟ್ಟು, ಕಿಟಕಿಯಲ್ಲಿ ಅವಳನ್ನು ಕಂಡು ಗಾಬರಿಯಾಗಿ, ಹೋಗಿ ಹೋಗಿ ಎಂದು ಕೈ ಬೀಸಿದರು. ಅವಳು ಓಡುತ್ತಲೇ ಮೆಟ್ಟಿಲಿಳಿದಳು. ಹತ್ತೊಂಬತ್ತು ದಿನದಲ್ಲಿ ಮೊದಲ ಬಾರಿಗೆ ಒಂದು ಲೋಟ ನೀರು ಗಂಟಲಲ್ಲಿ ಸಲೀಸಾಗಿ ಇಳಿಯಿತು. ಒಬ್ಬಳಾದರೂ ಉಳಿದಳು. ನಲವತ್ತು ಮುಳುಗಿದರೂ ಆ ಒಬ್ಬಳು ದಡ ಸೇರಿದಳು. ಇಷ್ಟು ಸಾಕೇ ಎಂದು ಕೇಳಿಕೊಂಡಳು, ಸಾಕು ಎಂದು ತಾನೇ ಹೇಳಿಕೊಂಡಳು.

ಒಂದು ಗಂಟೆಗೆ ಪರೀಕ್ಷೆ ಮುಗಿದು ಮಕ್ಕಳು ಹೊರಗೆ ಬಂದರು. ಉತ್ತರ ಪತ್ರಿಕೆಗಳಿಗೆ ಅರಗಿನ ಮುದ್ರೆ ಹಾಕುವ ವಾಸನೆ ಮೇಲಿನಿಂದ ಇಳಿದುಬರುತ್ತಿತ್ತು. ಟೈಪ್ ಮೇಡಂ ಅಂಗಳದ ಕಲ್ಲುಬೆಂಚಿನ ಬಳಿ ನಿಂತಿದ್ದಳು. ಸೊನ್ನೆ ಅವಳನ್ನು ಹುಡುಕಿಕೊಂಡೇ ಬಂದಳು. ಬೆರಳಿಗೆಲ್ಲ ಶಾಯಿ.

"ತುಂಬಾ ಥ್ಯಾಂಕ್ಸ್ ಮೇಡಂ."

"ಬರೆದೆಯಾ?"

"ಬರೆದೆ. ಮೊದಲು ಮೂರೂ ಕಡೆ ಸೊನ್ನೆಯಿಂದಲೇ ಬರೆದಿದ್ದೆ ಮೇಡಂ, ಕೋಪ ಮಾಡ್ಕೋಬೇಡಿ. ಆಮೇಲೆ ಬೆಳಗ್ಗೆ ಗೇಟಿನ ಹತ್ರ ನೀವು ನೆನಪು ಮಾಡೋಕೆ ಬಂದಿದ್ರಲ್ಲ, ಮೇಡಂ ಅಷ್ಟು ಹೇಳ್ತಿದಾರೆ ಅಂದ್ರೆ ನಾನೇ ತಪ್ಪಿರಬೇಕು ಅನ್ನಿಸ್ತು. ಎಲ್ಲಾ ಹೊಡೆದುಹಾಕಿ ಒಂದು ಅಂತ ತಿದ್ದಿದೆ. ತಿದ್ದಿ ತಲೆ ಎತ್ತಿದರೆ ಕಿಟಕೀಲಿ ನೀವು! ಸೂಪರ್ ಅಂತ ಕೈ ತೋರಿಸಿದ್ರಿ." ಹುಡುಗಿ ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ತೋರಿಸಿದಳು. "ಆಗ ಸಮಾಧಾನ ಆಯ್ತು. ನೀವು ನನ್ನ ಮೇಲಿನ ಕೋಪ ಬಿಟ್ಟಿದೀರ ಅಂತ."

ಅಂಗಳದಲ್ಲಿ ಗದ್ದಲ ಬಹಳವಿತ್ತು. ಆ ಗದ್ದಲದಲ್ಲಿ ತಾನು ಕೇಳಿದ್ದು ಬೇರೆ ಏನಾದರೂ ಆಗಿರಬಹುದೇ ಎಂದು ಟೈಪ್ ಮೇಡಂ ಒಂದು ಕ್ಷಣ ಆಸೆಪಟ್ಟಳು.

"ಅದು ಸೂಪರ್ ಅಂತಲ್ಲ" ಎಂದಳು. ದನಿ ತನ್ನದಲ್ಲ ಅನ್ನಿಸಿತು. "ಸೊನ್ನೆ ಅಂತ. ಸೊನ್ನೆಯೇ ಸರಿ. ಪುಸ್ತಕ ಸರಿ, ನೀನು ಸರಿ. ನಾನು ಹೇಳಿಕೊಟ್ಟಿದ್ದು ತಪ್ಪು."

ಹುಡುಗಿ ಅರ್ಥವಾಗದವಳಂತೆ ನೋಡಿದಳು. ತುಟಿ ಸ್ವಲ್ಪ ಅಲುಗಿತು, ಮನಸ್ಸಿನಲ್ಲಿ ಏನನ್ನೋ ಕೂಡುತ್ತಿದ್ದಳು, ಕಳೆಯುತ್ತಿದ್ದಳು. ಹದಿನಾರು ಅವಳಿಗೂ ಸಿಕ್ಕಿರಬೇಕು. ಕಣ್ಣು ತುಂಬಿತು, ಆದರೆ ಹನಿ ಬೀಳಲಿಲ್ಲ.

"ನಿಮಗೆ ಯಾವಾಗ ಗೊತ್ತಾಯ್ತು ಮೇಡಂ?"

ಇದೇ ಆ ಪ್ರಶ್ನೆ. ಹತ್ತೊಂಬತ್ತು ದಿನ ಎಂದರೆ ಮುಗಿಯಿತು, ಎರಡೇ ಎರಡು ಪದ.

"ಈಗ, ಪೇಪರ್ ನೋಡಿದ ಮೇಲೆ" ಎಂದಳು ಟೈಪ್ ಮೇಡಂ.

ಹುಡುಗಿ ತೋಳಿನಲ್ಲಿ ಕಣ್ಣು ಒರೆಸಿಕೊಂಡಳು. ಆಮೇಲೆ, ಮೇಡಂ ಊಹಿಸಿರದ ಹಾಗೆ, ಶಾಯಿಯಾದ ಕೈಯಿಂದ ಮೇಡಂನ ಮಣಿಕಟ್ಟು ಹಿಡಿದುಕೊಂಡಳು. "ಅಯ್ಯೋ, ನೀವು ಅಳಬೇಡಿ ಮೇಡಂ. ನಿಮಗೂ ಗೊತ್ತಿರಲಿಲ್ಲ ತಾನೇ? ಗೊತ್ತಾದ ತಕ್ಷಣ ಮೇಲೆ ಓಡಿ ಬಂದ್ರಲ್ಲ. ಯಾರಾದ್ರೂ ನೋಡಿದ್ರೆ ನಿಮ್ಮ ಕೆಲಸಾನೇ ಹೋಗ್ತಿತ್ತು. ಯಾರು ಮಾಡ್ತಾರೆ ಹಾಗೆ?"

"ನಿನ್ನ ತಾಂತ್ರಿಕ ಶಾಲೆ…"

"ನೋಡೋಣ ಮೇಡಂ. ಮುಂದಿನ ವರ್ಷ ಮತ್ತೆ ಕಟ್ಟಬಹುದು." ಅಷ್ಟು ಹೇಳಿ ಗೇಟಿನ ಕಡೆ ತಿರುಗಿದಳು. "ನಾನು ಎಲ್ಲರಿಗೂ ಹೇಳ್ತೀನಿ. ಇಲ್ಲಾಂದ್ರೆ ಹುಡುಗರು ಮನೆಗೆ ಹೋಗಿ ಗೊತ್ತಾದ ಮೇಲೆ ನಿಮ್ಮನ್ನ ಬೈತಾರೆ. ನೀವು ನಮಗೋಸ್ಕರ ಕಿಟಕಿಗೆ ಬಂದಿದ್ದು ಅವರಿಗೂ ಗೊತ್ತಾಗಬೇಕು."

ಬೇಡ ಎನ್ನಬೇಕಿತ್ತು. ಹುಡುಗಿ ಆಗಲೇ ಅಂಗಳ ದಾಟಿ ಹೋಗಿದ್ದಳು. ಗೇಟಿನ ಬಳಿ ಮಕ್ಕಳು ಅವಳನ್ನು ಸುತ್ತುವರಿದು ಕೇಳಿಸಿಕೊಳ್ಳುವುದು ಇಲ್ಲಿಂದ ಕಾಣುತ್ತಿತ್ತು. ಒಬ್ಬ ತಲೆಯ ಮೇಲೆ ಕೈ ಹೊತ್ತ. ಇನ್ನೊಬ್ಬಳು ಕೂತೇಬಿಟ್ಟಳು. ಸೊನ್ನೆ ಕೈ ಎತ್ತಿ ಕಿಟಕಿ ತೋರಿಸಿದಳು, ಬೆರಳು ಸೇರಿಸಿ ತೋರಿಸಿದಳು, ಮತ್ತೆ ಮತ್ತೆ ಏನೋ ಹೇಳಿದಳು. ನಿಧಾನವಾಗಿ ಆ ಮುಖಗಳೆಲ್ಲ ಟೈಪ್ ಮೇಡಂ ಕಡೆ ತಿರುಗಿದವು. ಒಂದರಲ್ಲಾದರೂ ಕೋಪ ಇದೆಯೇ ಎಂದು ಅವಳು ಹುಡುಕಿದಳು. ಒಬ್ಬರು, ಯಾರಾದರೂ ಒಬ್ಬರು ಬಂದು ಬೈದಿದ್ದರೆ ಬಾಯಿ ಬಿಡುತ್ತಿದ್ದಳೋ ಏನೋ. ಬೆಳಗ್ಗೆ ಚಪ್ಪಾಳೆ ತಟ್ಟಿದ್ದ ಹಿಂದಿನ ಬೆಂಚಿನ ಹುಡುಗ ಎರಡೂ ಕೈ ಬಾಯಿಗೆ ಹಿಡಿದು, "ಪರವಾಗಿಲ್ಲ ಬಿಡಿ ಮೇಡಂ!" ಎಂದು ಅಲ್ಲಿಂದಲೇ ಕೂಗಿದ.

ಅವಳು ಕೈ ಎತ್ತಿ, ಆಯಿತು ಎಂಬಂತೆ ಬೀಸಿದಳು.